ಇನ್‌ಸ್ಪೆಕ್ಟರಮ್ಮನ ದವಡೆಹಲ್ಲು

ಇನ್‌ಸ್ಪೆಕ್ಟರಮ್ಮ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಇಡೀ ಅಡುಗೆಮನೆ ಅವಳ ತೀರ್ಪಿಗಾಗಿ ಕಾಯುತ್ತಿತ್ತು.

ಏಳು ವರ್ಷದ ಆ ಇನ್‌ಸ್ಪೆಕ್ಟರಮ್ಮನ ಎಡಗೆನ್ನೆಯೊಳಗೆ ಆಗ ತಾನೇ ಆರಿದ ಪೆಪ್ಪರ್‌ಮಿಂಟಿನ ತುಂಡೊಂದು ಇತ್ತು. ಕಡಿಯುವಂತಿಲ್ಲ, ಚೀಪುವಂತಿಲ್ಲ, ಅದು ತಾನಾಗಿಯೇ ಕರಗಬೇಕು. ಕೊನೆಯವರೆಗೂ ಗಾಜಿನಂತೆ ನುಣ್ಣಗೆ ಕರಗಿತೋ, ಪಾಕ ಗೆದ್ದಿತು. ನಡುವೆ ಎಲ್ಲಾದರೂ ಮರಳಿನಂತೆ ನಾಲಿಗೆಗೆ ತಾಕಿತೋ, ಆ ಹಂಡೆಯಷ್ಟೂ ಮತ್ತೆ ಒಲೆಗೆ. ಪೆಪ್ಪರ್‌ಮಿಂಟು ಕಾಯಿಸಿ ಬದುಕುವ ಆ ಮನೆಯಲ್ಲಿ ತಲೆಮಾರುಗಳಿಂದ ನಡೆದು ಬಂದ ಪರೀಕ್ಷೆ ಅದು. ಮೊದಲು ಮುತ್ತಜ್ಜ ಮಾಡುತ್ತಿದ್ದನಂತೆ, ಆಮೇಲೆ ಹುಡುಗಿಯ ಅಜ್ಜಿ, ಅಂದರೆ ಅವಳ ಅಮ್ಮನ ಅತ್ತೆ. ಅತ್ತೆಯ ಹಲ್ಲುಗಳೆಲ್ಲ ಹೋಗಿ ಕಟ್ಟಿಸಿದ ಹಲ್ಲು ಬಂದ ಮೇಲೆ, “ಪ್ಲಾಸ್ಟಿಕ್ಕಿಗೆ ಏನು ರುಚಿ ತಿಳಿಯತ್ತೆ, ಮಣ್ಣು” ಎಂದು ಅವರೇ ಆ ಪಟ್ಟವನ್ನು ಮೊಮ್ಮಗಳಿಗೆ ಕಟ್ಟಿದ್ದರು. ಹುಡುಗಿಯ ನಾಲಿಗೆ ಬಂಗಾರದ್ದು. ಒಂದು ಸಲವೂ ತಪ್ಪಿರಲಿಲ್ಲ.

ರಜೆ ಹತ್ತಿರ ಬಂದಿತ್ತು. ಊರಿನ ಅಂಗಡಿಗಳೆಲ್ಲ ಕೆಂಪು ಬಿಳಿ ಪಟ್ಟೆಯ ಪೆಪ್ಪರ್‌ಮಿಂಟು ಕೇಳುವ ಕಾಲ. ಬೆಳಗಿನಿಂದ ಒಲೆ ಆರಿರಲಿಲ್ಲ. ಅತ್ತೆ ಹಂಡೆಯ ಮುಂದೆ ಸೌಟು ಹಿಡಿದು ನಿಂತಿದ್ದರು. ಸೊಸೆಯ ಗಂಡ ಗೋಡೆಯ ಕೊಕ್ಕೆಗೆ ಸಿಕ್ಕಿಸಿದ ಬಿಸಿ ಪಾಕವನ್ನು ಮಾರುದ್ದ ಎಳೆಯುವುದು, ಮಡಿಸಿ ಮತ್ತೆ ಕೊಕ್ಕೆಗೆ ಎಸೆಯುವುದು ಮಾಡುತ್ತಿದ್ದ. ನಿಲ್ಲಿಸಿದರೆ ಕಲ್ಲಾಗಿಬಿಡುತ್ತದೆ, ಹಾಗಾಗಿ ಎಳೆಯುತ್ತಲೇ ಕತ್ತು ಹೊರಳಿಸಿ ಕೇಳಿದ: “ಏನಮ್ಮಾ ಇನ್‌ಸ್ಪೆಕ್ಟರಮ್ಮ, ಪಾಸೋ ಫೇಲೋ?”

ಬಾಗಿಲ ಬಳಿ ಕೂತು ಕಾಗದ ಸುತ್ತುತ್ತಿದ್ದ ಸೊಸೆ ಮಾತ್ರ ನೋಡಿದಳು. ಮಗಳ ನಾಲಿಗೆ ಕೆನ್ನೆಯೊಳಗೆ ಅಲ್ಲಾಡಿತು, ತುಂಡು ಎಡದಿಂದ ಬಲಕ್ಕೆ ಸರಿಯಿತು. ನಡುವೆ ಕೆನ್ನೆ ಬದಲಿಸುವುದೆಂದರೆ ಆ ಪರೀಕ್ಷೆಯಲ್ಲಿ ಮಹಾಪರಾಧ. ಹುಡುಗಿಗೆ ಅದು ಗೊತ್ತಿತ್ತು. ಅವಳ ಮುಚ್ಚಿದ ರೆಪ್ಪೆಯ ಅಡಿಯಿಂದ ನೀರು ಜಿನುಗಿತು.

“ಪಾಸು,” ಎಂದವಳೇ ಗೊಳೋ ಎಂದು ಅತ್ತಳು.

ಸೊಸೆ ಮಡಿಲಿನ ಕಾಗದಗಳನ್ನೆಲ್ಲ ಚೆಲ್ಲಿ ಎದ್ದಳು. ಕಿಟಕಿಯ ಬೆಳಕಿಗೆ ಮಗಳ ಮುಖ ಎತ್ತಿ, ಬಾಯಿ ತೆರೆಸಿ ನೋಡಿದಳು. ಕೆಳಗಿನ ಸಾಲಿನ ಎಡತುದಿಯಲ್ಲಿ, ಎಲ್ಲಕ್ಕಿಂತ ಹಿಂದಿನ ಹಲ್ಲಿನ ನೆತ್ತಿಯ ಮೇಲೆ ಸಾಸಿವೆ ಕಾಳು ಹಿಡಿಸುವಷ್ಟು ಕಪ್ಪು ಗುಳಿ. ದಿನಾ ಬೆಳಿಗ್ಗೆ, ರಾತ್ರಿ ತಾನೇ ಎದುರು ನಿಂತು ಹಲ್ಲು ಉಜ್ಜಿಸುತ್ತಿದ್ದಳಲ್ಲ? ಎಲ್ಲಿ ತಪ್ಪಿದೆ? ಬ್ರಷ್ಷು ಸವೆದಿತ್ತೇ? ಹಿಂದಿನ ಹಲ್ಲಿನವರೆಗೂ ಅದು ಮುಟ್ಟುತ್ತಿರಲಿಲ್ಲವೇ? ತಪ್ಪು ಎಲ್ಲೇ ನಡೆಯಲಿ, ಮೊದಲು ತನ್ನ ಮನೆಯಂಗಳದಲ್ಲೇ ಹುಡುಕುವ ಸ್ವಭಾವ ಅವಳದು.

“ಹಾಲುಹಲ್ಲು ಕಣೇ,” ಎಂದರು ಅತ್ತೆ, ಬಗ್ಗಿ ನೋಡಿ. “ಇವತ್ತಲ್ಲ ನಾಳೆ ಬೀಳೋದೇ. ಕೀಳಿಸ್ಬಿಟ್ರೆ ಹೊಸದು ಬರತ್ತೆ. ಅದಕ್ಯಾಕೆ ಮನೆ ಮುಳುಗಿದ ಹಾಗೆ ಮುಖ ಮಾಡ್ತೀಯ?”

ರಜೆಗೆಂದು ಇಬ್ಬರು ಮಕ್ಕಳೊಂದಿಗೆ ಮುಂಚೆಯೇ ಬಂದಿಳಿದಿದ್ದ ನಾದಿನಿ ಹಜಾರದಿಂದಲೇ ದನಿಗೂಡಿಸಿದಳು. “ಹೌದು ಅತ್ತಿಗೆ, ನಮ್ಮ ದೊಡ್ಡೋನಿಗೂ ಅದೇ ಜಾಗದಲ್ಲಿ ಹೀಗೇ ಆಗಿತ್ತು. ಕೀಳಿಸಿದ್ವಿ. ತಣ್ಣಗಾಯ್ತು.”

“ಆಮೇಲೆ ಹೊಸದು ಬಂತಾ?”

“ಇನ್ನೂ ಇಲ್ಲ. ಮೂರು ವರ್ಷ ಆಯ್ತು.” ನಾದಿನಿ ನಕ್ಕಳು. “ಅವನು ಎಲ್ಲದರಲ್ಲೂ ನಿಧಾನ ಬಿಡಿ. ಸ್ನಾನಕ್ಕೆ ಹೋದ್ರೆ ಮಧ್ಯಾಹ್ನ ಆಚೆ ಬರ್ತಾನೆ. ಹಲ್ಲೂ ಅವನ ಹಾಗೇ.”

ಎಲ್ಲರೂ ನಕ್ಕರು. ಸೊಸೆಗೂ ನಗು ಬಂತು. ಆದರೆ ಅದು ಬಹಳ ಹೊತ್ತು ನಿಲ್ಲಲಿಲ್ಲ. ಮೂರು ವರ್ಷ! ಹಲ್ಲಿಗೆ ಅಷ್ಟೊಂದು ನಿಧಾನ ಇರುತ್ತದೆಯೇ? ಕೇಳೋಣವೆಂದರೆ ಎಲ್ಲರಿಗೂ ಗೊತ್ತಿರುವ ವಿಷಯ ತನಗೊಬ್ಬಳಿಗೇ ಗೊತ್ತಿಲ್ಲವೇನೋ ಎಂಬ ಅಳುಕು. ಕೇಳದೆ, ಚೆಲ್ಲಿದ ಕಾಗದಗಳನ್ನು ಆಯ್ದುಕೊಂಡಳು.

ಮಾರನೆಯ ಬೆಳಿಗ್ಗೆ ಮಗಳ ಕೆನ್ನೆ ಬನ್ನಿನಂತೆ ಉಬ್ಬದಿದ್ದರೂ, ಅವಳು ಅನ್ನವನ್ನು ಒಂದೇ ಪಕ್ಕದಲ್ಲಿ ಅಗಿಯುತ್ತ, ನೀರು ಕುಡಿದಾಗಲೆಲ್ಲ ಭುಜ ಕುಗ್ಗಿಸುತ್ತಿದ್ದಳು. ಹಲ್ಲಿನ ಕ್ಲಿನಿಕ್ಕು ನಾಳೆಯಿಂದ ರಜೆಗೆ ಮುಚ್ಚುತ್ತದೆಂದು ಗಂಡ ವಿಚಾರಿಸಿಕೊಂಡು ಬಂದ. “ಇವತ್ತೇ ಹೋಗಿ ಕೀಳಿಸ್ಕೊಂಡು ಬನ್ನಿ,” ಎಂದ. ಅತ್ತೆ ತಾವೂ ಹೊರಟರು. “ನೀನೊಬ್ಬಳೇ ಹೋದ್ರೆ ಮಗು ಜೊತೆ ನೀನೂ ಅಳ್ತಾ ಕೂತಿರ್ತೀಯ. ನಾನಿದ್ರೆ ಐದು ನಿಮಿಷದ ಕೆಲಸ. ಒಲೆ ಮೇಲೆ ಹಂಡೆ ಇಡೋದಿದೆ.”

ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಉದ್ದನೆಯ ಬೆಂಚು, ಮೂಲೆಯಲ್ಲಿ ಕುಂಬಳಕಾಯಿ ಗಾತ್ರದ ಪ್ಲಾಸ್ಟರಿನ ಹಲ್ಲಿನ ಸೆಟ್ಟು. ಹುಡುಗಿ ಅದನ್ನು ನೋಡಿದವಳೇ ತುಟಿ ಬಿಗಿದುಕೊಂಡಳು. ಒಳಗೆ ಕರೆದಾಗ ಅತ್ತೆ ಮುಂದೆ, ನಡುವೆ ಮಗು, ಹಿಂದೆ ಸೊಸೆ. ಮದುವೆಯಾಗಿ ಬಂದಾಗಿನಿಂದ ಎಲ್ಲಿಗೆ ಹೋದರೂ ಅದೇ ಸಾಲು.

ಡಾಕ್ಟರಮ್ಮ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಮಧ್ಯವಯಸ್ಸಿನ ಹೆಂಗಸು. ಪುಟ್ಟ ಕನ್ನಡಿಯನ್ನು ಬಾಯೊಳಗೆ ಇಟ್ಟು, ದೀಪ ಸರಿಸಿ, ಒಂದು ಸಲ ನೋಡಿದರು. ಮತ್ತೊಂದು ಸಲ ನೋಡಿದರು.

“ಕಿತ್ತು ಬಿಸಾಕಿ ಡಾಕ್ಟ್ರೇ,” ಎಂದರು ಅತ್ತೆ. “ಹಾಲುಹಲ್ಲು.”

“ಯಾರು ಹೇಳಿದ್ದು ಹಾಲುಹಲ್ಲು ಅಂತ?”

“ಹೇಳೋದೇನು? ಏಳು ವರ್ಷದ ಮಗು. ಇನ್ನೂ ಮುಂದಿನವೇ ಈಗ ತಾನೇ ಬಿದ್ದಿವೆ.”

“ಮುಂದಿನವು ಬೀಳ್ತಾ ಇರೋ ಹೊತ್ತಿಗೇ ಇದು ಬಂದಿರತ್ತೆ ಅಮ್ಮ. ಎಲ್ಲಾ ಹಾಲುಹಲ್ಲುಗಳ ಹಿಂದೆ, ಯಾವುದನ್ನೂ ಬೀಳಿಸದೆ, ತಡವಾಗಿ ಬಂದ ನೆಂಟರ ಹಾಗೆ ಸದ್ದಿಲ್ಲದೆ ಹಿಂದಿನ ಸಾಲಲ್ಲಿ ಕೂತುಬಿಡತ್ತೆ. ಬಂದಿದ್ದೇ ಗೊತ್ತಾಗಲ್ಲ. ಅದಕ್ಕೇ ಎಲ್ಲರೂ ಹಾಲುಹಲ್ಲು ಅಂದ್ಕೋತಾರೆ. ಆದ್ರೆ ಇದು ಸಾಯೋತನಕ ಇರಬೇಕಾದ ಹಲ್ಲು.”

ಸೊಸೆಯ ಬಾಯಿಂದ ಮಾತು ತಾನಾಗಿಯೇ ಬಂತು. “ಕಿತ್ತ ಮೇಲೆ ಇನ್ನೊಂದು ಬರೋಕೆ... ನಿಧಾನಕ್ಕಾದ್ರೂ...”

“ಬರಲ್ಲಮ್ಮ. ನಿಧಾನಕ್ಕೂ ಬರಲ್ಲ.”

ನಾದಿನಿಯ ಮಗನ ಬಾಯೊಳಗಿನ ಖಾಲಿ ಜಾಗ ಸೊಸೆಯ ಕಣ್ಣ ಮುಂದೆ ಬಂತು. ಅದರ ಮಾತು ಬಂದಾಗ ಎಲ್ಲರೂ ನಕ್ಕಿದ್ದೂ ನೆನಪಾಯಿತು.

ಡಾಕ್ಟರಮ್ಮ ಕೈಗವಸು ಸರಿಮಾಡಿಕೊಂಡು ವಿವರಿಸಿದರು. ಕೀಳುವುದು ಬೇಗ ಮುಗಿಯುವ ಕೆಲಸ. ಉಳಿಸುವುದಾದರೆ ಹುಳುಕನ್ನೆಲ್ಲ ಕೆರೆದು ತೆಗೆದು, ಔಷಧಿ ತುಂಬಿ ಮುಚ್ಚಬೇಕು. ರಜೆ ಮುಗಿದ ಮೇಲೆ ಇನ್ನೊಂದು ಸಲ ಬಂದು ಹಲ್ಲಿಗೆ ಲೋಹದ ಟೋಪಿ, ಅಂದರೆ ಕ್ಯಾಪು, ಹಾಕಿಸಿಕೊಳ್ಳಬೇಕು. ನರದವರೆಗೆ ಹೋಗಿದೆಯೋ ಇಲ್ಲವೋ ಕೆರೆದ ಮೇಲೇ ಗೊತ್ತಾಗುವುದು. ರಜೆ ಮುಗಿಯುವವರೆಗೆ ಬಿಟ್ಟರೆ ಖಂಡಿತ ಹೋಗುತ್ತದೆ. “ಅಷ್ಟು ಹೊತ್ತು ಮಗು ಬಾಯಿ ತೆಗೆದುಕೊಂಡು ಅಲ್ಲಾಡದೆ ಇರಬೇಕು. ಅದೇ ಕಷ್ಟ. ಏನ್ಮಾಡೋಣ ಹೇಳಿ.”

“ಕೀಳಿ,” ಎಂದರು ಅತ್ತೆ. “ಒಂದು ಹಲ್ಲಿಗೆ ಇಷ್ಟೆಲ್ಲ ರಾಮಾಯಣ ಯಾಕೆ? ನನ್ನವೆಲ್ಲ ಐವತ್ತು ದಾಟೋದ್ರೊಳಗೆ ಒಂದೊಂದೇ ಹೋದವು. ನಾನೇನು ಸತ್ತುಹೋದ್ನಾ?”

“ಬೇಡ,” ಎಂದಳು ಸೊಸೆ.

ಯಾರು ಹೇಳಿದರೆಂದು ಅತ್ತೆ ಒಂದು ಕ್ಷಣ ಆಚೀಚೆ ನೋಡಿದರು. ಆ ಮನೆಯಲ್ಲಿ ಆ ಪದವನ್ನು ಆ ದನಿಯಲ್ಲಿ ಅವರು ಕೇಳಿರಲಿಲ್ಲ. ಹೇಳಿದವಳಿಗೂ ಅದು ತನ್ನದೇ ದನಿಯೆಂದು ನಂಬಿಕೆಯಾಗಲಿಲ್ಲ. ತಾನು ತಪ್ಪಿದರೆ? ನರದವರೆಗೆ ಹೋಗಿದ್ದರೆ? ಮಗು ನೋವು ತಿಂದು, ಹಲ್ಲೂ ಹೋಗಿ, ‘ನಾನು ಹೇಳಲಿಲ್ವಾ’ ಎಂಬುದನ್ನು ಜೀವಮಾನವಿಡೀ ಕೇಳಬೇಕಾದರೆ? ಆದರೂ ಮಾತು ನಿಲ್ಲಲಿಲ್ಲ.

“ಉಳಿಸಿ ಡಾಕ್ಟ್ರೇ. ಇವಳು ಸಾಯೋತನಕ ಅಗೀಬೇಕಾದ ಹಲ್ಲು. ಇವತ್ತು ನಮಗೆ ಆತುರ ಅಂತ ಕೀಳಿಸೋಕಾಗಲ್ಲ.”

ಅತ್ತೆ ಸೆರಗು ಸರಿಪಡಿಸಿಕೊಂಡರು. “ಓಹೋ. ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ಸರಿ ತಾಯಿ,” ಎಂದು ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಬಾಗಿಲು ಅರ್ಧ ತೆರೆದೇ ಇತ್ತು.

ದೊಡ್ಡವರ ಜಗಳ ಮುಗಿಯುವಷ್ಟರಲ್ಲಿ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. “ಆ ಅನ್ನು ಚಿನ್ನ,” ಎಂದರೆ ಇಲ್ಲ. “ಒಂದೇ ಒಂದು ಸಲ,” ಎಂದರೆ ಇಲ್ಲ. ಡಾಕ್ಟರಮ್ಮ ಕುರ್ಚಿಯನ್ನು ಮೇಲೆ ಕೆಳಗೆ ಮಾಡಿ ಆಟ ತೋರಿಸಿದರು. ಹುಡುಗಿ ಬಾಯಿ ಮುಚ್ಚಿಕೊಂಡೇ ಮೇಲೆ ಹೋದಳು, ಬಾಯಿ ಮುಚ್ಚಿಕೊಂಡೇ ಕೆಳಗೆ ಬಂದಳು. ಸೊಸೆ ಕೈ ಬಿಡಿಸಲು ಹೋದರೆ ಒಳಗಿಂದ “ಮ್ಮ್‌ಮ್ಮ್!” ಎಂದು ಎಮ್ಮೆಕರು ಕೂಗಿದಂತಾಯಿತು. ಹೊರಗಿನಿಂದ ಅತ್ತೆಯ ಕೆಮ್ಮು ಕೇಳಿತು. ಬರೀ ಕೆಮ್ಮಲ್ಲ, ಅರ್ಥವಿದ್ದ ಕೆಮ್ಮು.

ಡಾಕ್ಟರಮ್ಮ ಗೋಡೆಯ ಗಡಿಯಾರ ನೋಡಿದರು. “ಒತ್ತಾಯ ಮಾಡಿ ಮಾಡೋ ಕೆಲಸ ಅಲ್ಲಮ್ಮ ಇದು. ಅಲ್ಲಾಡಿದ್ರೆ ಅಪಾಯ.”

ಪಕ್ಕದಲ್ಲಿ ನಿಂತಿದ್ದ ನರ್ಸಮ್ಮ ಕೊನೆಯ ಪ್ರಯತ್ನವೆಂಬಂತೆ ಮರಗಟ್ಟಿಸುವ ಔಷಧಿಯ ಪುಟ್ಟ ಟ್ಯೂಬು ತೋರಿಸಿದಳು. “ನೋಡು ಪುಟ್ಟಿ, ಇದು ಸ್ವಲ್ಪ ಹಚ್ಚಿದ್ರೆ ನೋವೇ ಗೊತ್ತಾಗಲ್ಲ. ಬಾಳೆಹಣ್ಣಿನ ರುಚಿ ಇರತ್ತೆ.”

ಮುಚ್ಚಿದ ಕೈಗಳ ಮೇಲೆ ಎರಡು ಕಣ್ಣು ಹೊರಳಿದವು. ಬೆರಳ ಸಂದಿಯಿಂದ ದನಿ ಬಂತು: “ನಿಜವಾದ ಬಾಳೆಹಣ್ಣೋ, ಎಸೆನ್ಸೋ?”

ನರ್ಸಮ್ಮ ಡಾಕ್ಟರಮ್ಮನ ಮುಖ ನೋಡಿದಳು. ಡಾಕ್ಟರಮ್ಮ ಟ್ಯೂಬಿನ ಮುಖ ನೋಡಿದರು. ಸೊಸೆಗೆ ಎಲ್ಲಿಂದಲೋ ಧೈರ್ಯ ಬಂತು. “ಡಾಕ್ಟ್ರೇ, ಇವಳು ನಮ್ಮನೆ ಇನ್‌ಸ್ಪೆಕ್ಟರು. ಪೆಪ್ಪರ್‌ಮಿಂಟು ಇವಳು ಕೆನ್ನೇಲಿಟ್ಟು ಕರಗಿಸಿ ಪಾಸು ಮಾಡದೆ ಅಂಗಡಿಗೆ ಹೋಗಲ್ಲ. ನೀವೂ ಇವಳನ್ನ ಒಂದು ಮಾತು ಕೇಳಿ. ಇವಳ ಒಪ್ಪಿಗೆ ಇಲ್ದೆ ಬಾಯಿಗೆ ಏನೂ ಹಾಕ್ಬೇಡಿ.”

ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ಹುಡುಗಿಯನ್ನು ನೋಡಿದರು. ಅವರು ನಗಲಿಲ್ಲ, ಅದೇ ದೊಡ್ಡದು. “ಹೌದಾ? ಮೊದಲೇ ಹೇಳಬಾರದಾ. ನಮ್ಮಲ್ಲಿ ಇದುವರೆಗೆ ಯಾರೂ ಇನ್‌ಸ್ಪೆಕ್ಷನ್ ಮಾಡಿಲ್ಲ ಮೇಡಂ. ನೋಡಿ ಹೇಳ್ತೀರಾ?”

ಹುಡುಗಿ ಕೈ ಇಳಿಸಿದಳು. ಗಂಭೀರವಾಗಿ ನಾಲಿಗೆಯ ತುದಿ ಚಾಚಿದಳು. ಕಡ್ಡಿಗೆ ಅಂಟಿದ್ದ ಒಂದು ಚೂರು ಔಷಧಿಯನ್ನು ಅಂಗುಳಿಗೆ ತಾಗಿಸಿ ಯೋಚಿಸಿದಳು.

“ಎಸೆನ್ಸು. ಜಾಸ್ತಿ ಆಗಿದೆ. ಕೊನೆಗೆ ಕಹಿ.”

“ಪಾಸೋ ಫೇಲೋ?”

“ಫೇಲು.” ಒಂದು ಕ್ಷಣ ಬಿಟ್ಟು, ಆಶ್ಚರ್ಯದಿಂದ, “ಆದ್ರೆ ನಾಲಿಗೆ ಎಲ್ಲೋ ಹೋಯ್ತು,” ಎಂದಳು.

“ಹಲ್ಲಿನ ಪಕ್ಕಕ್ಕೂ ಹಚ್ಚಿ ನೋಡೋಣ. ಅಲ್ಲಿ ಪಾಸಾಗಬಹುದು. ಬಾಯಿ ದೊಡ್ಡದಾಗಿ ತೆಗೀರಿ ಮೇಡಂ.”

ಬಾಯಿ ತೆರೆಯಿತು.

ಆಮೇಲೆ ನಡೆದದ್ದನ್ನು ಸೊಸೆ ರಜೆಯುದ್ದಕ್ಕೂ ಮನಸ್ಸಿನಲ್ಲೇ ತಿರುಗಿಸಿ ತಿರುಗಿಸಿ ನೋಡಿದಳು. ಚುಚ್ಚುಮದ್ದಿಗೆ ಹುಡುಗಿಯ ಹುಬ್ಬು ಗಂಟಿಕ್ಕಿತು, ಅಷ್ಟೇ. ಯಂತ್ರ ಗುಂಯ್ ಎಂದಾಗ ಕಾಲ್ಬೆರಳುಗಳೆಲ್ಲ ಒಳಕ್ಕೆ ಸುರುಟಿಕೊಂಡವು. ಸೊಸೆ ಆ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹುಡುಗಿ ಅಲ್ಲಾಡಲಿಲ್ಲ. ತುಂಡೊಂದು ಕರಗುವವರೆಗೆ ಕಡಿಯದೆ, ನುಂಗದೆ, ಉಸಿರನ್ನೂ ಹದವಾಗಿ ಬಿಡುತ್ತ ಕೂರುವ ವಿದ್ಯೆ ಅವಳಿಗೆ ಕರತಲಾಮಲಕವಾಗಿತ್ತು. ಅದನ್ನೇ ಇಲ್ಲಿಯೂ ಮಾಡುತ್ತಿದ್ದಳು. ಡಾಕ್ಟರಮ್ಮ ಕೆರೆದರು, ನೀರು ಹೊಡೆದರು, ಮತ್ತೆ ಕೆರೆದರು. ಒಂದು ಹಂತದಲ್ಲಿ ಯಂತ್ರ ನಿಲ್ಲಿಸಿ, ಸಣ್ಣ ಚಮಚದಂಥ ಸಲಕರಣೆ ಹಿಡಿದು ಬಗ್ಗಿದರು. ಹೊರಗೆ ಬೆಂಚೂ ಕಿರುಗುಟ್ಟಲಿಲ್ಲ.

“ನರ ಮುಟ್ಟಿಲ್ಲ,” ಎಂದರು ಡಾಕ್ಟರಮ್ಮ. “ಒಂದು ಕೂದಲೆಳೆ ಉಳಿದಿದೆ. ಅಷ್ಟು ಸಾಕು. ಗೆದ್ವಿ.”

ಸೊಸೆಯ ಕೈಯೊಳಗೆ ಮಗಳ ಕಾಲ್ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಮಗಳ ಬೆವರಿನಿಂದಲೋ ತನ್ನದರಿಂದಲೋ, ಅವಳ ಕೈಯೆಲ್ಲ ಒದ್ದೆಯಾಗಿತ್ತು. ಗುಳಿಗೆ ತುಂಬುವ ಔಷಧಿಯನ್ನು ಕಲಸುವಾಗ ಕೋಣೆಯ ತುಂಬ ಒಂದು ಪರಿಮಳ ಹರಡಿತು. ಹುಡುಗಿಯ ಮೂಗು ಅರಳಿತು. ಬಾಯಿ ತೆರೆದೇ ಇದ್ದುದರಿಂದ ಮಾತಾಡುವಂತಿರಲಿಲ್ಲ. ಹೆಬ್ಬೆರಳು ಎತ್ತಿ ತೋರಿಸಿದಳು.

“ಲವಂಗದೆಣ್ಣೆ,” ಎಂದು ನರ್ಸಮ್ಮ ನಕ್ಕಳು. “ಇದೊಂದು ಪಾಸಾಯ್ತು ನೋಡಿ.”

ಕೆಲಸ ಮುಗಿದ ಮೇಲೆ ಡಾಕ್ಟರಮ್ಮ ಕೈ ತೊಳೆಯುತ್ತ, “ದಿನಾ ಉಜ್ತೀರಿ ಅಂತ ಹಲ್ಲು ನೋಡಿದ್ರೇ ಗೊತ್ತಾಗತ್ತೆ,” ಎಂದರು. “ಆದ್ರೆ ಗಂಟೆಗಟ್ಟಲೆ ಸಕ್ಕರೆ ಕೆನ್ನೇಲಿ ಇಟ್ಕೊಂಡು ಕೂತ್ರೆ ಯಾವ ಬ್ರಷ್ಷು ಏನ್ಮಾಡತ್ತೆ? ಸಿಹಿ ತಿನ್ನಲಿ, ಊಟದ ಜೊತೆ ತಿಂದು ಮುಗಿಸ್ಲಿ. ಈ ಪರೀಕ್ಷೆ ಮಾತ್ರ ಇವತ್ತಿಗೆ ಬಂದ್.”

ಹೊರಗೆ ಬಂದಾಗ ಅತ್ತೆ ಎದ್ದು ನಿಂತಿದ್ದರು. ಅರ್ಧ ಮುಖ ಮರಗಟ್ಟಿದ್ದ ಮೊಮ್ಮಗಳು ಸೊಟ್ಟ ಬಾಯಿಂದ, “ಅಜ್ಜೀ, ನನ್ ಅಲ್ಲು ಬದುಕಿದೆ!” ಎಂದಳು. ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟರು. ಚಪ್ಪಲಿ ಮೆಟ್ಟಿಕೊಂಡವರು ಮತ್ತೆ ತಿರುಗಿ ಬಾಗಿಲ ಬಳಿ ಹೋದರು.

“ಡಾಕ್ಟ್ರೇ. ನನ್ನವೂ... ಹೀಗೇ ಮಾಡಿದ್ರೆ ಉಳೀತಿದ್ವಾ?”

ಡಾಕ್ಟರಮ್ಮ ಕೈ ಒರೆಸುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟರು. “ಎಲ್ಲ ಅಲ್ಲದಿದ್ರೂ, ಸುಮಾರು ಉಳೀತಿದ್ವು ಅಮ್ಮ.”

ಮೂವರೂ ಮನೆಗೆ ಹೊರಟರು. ನಡೆಯುವ ಸಾಲು ಮಾತ್ರ ಅದು ಹೇಗೋ ಕಲಸಿಹೋಗಿತ್ತು. ಮಗು ಮುಂದೆ ಕುಣಿಯುತ್ತಿತ್ತು, ಅತ್ತೆ ಸೊಸೆ ಇಬ್ಬರೂ ಪಕ್ಕಪಕ್ಕದಲ್ಲಿ ಅದರ ಹಿಂದೆ. ಬಾಗಿಲಲ್ಲೇ ನಾದಿನಿ ಕೇಳಿದಳು: “ಕಿತ್ತರಾ?”

“ಯಾಕೆ ಕೀಳ್ಬೇಕು?” ಎಂದರು ಅತ್ತೆ, ಅದು ಮೊದಲಿನಿಂದಲೂ ತಮ್ಮದೇ ಅಭಿಪ್ರಾಯ ಎಂಬಂತೆ. “ಅದೇನು ಹಾಲುಹಲ್ಲೇ? ಬಂಗಾರದಂಥ ಹಲ್ಲು. ನಿನ್ನ ಅತ್ತಿಗೆ ಇಲ್ದಿದ್ರೆ ಇವತ್ತು ಹೋಗಿಬಿಡ್ತಿತ್ತು.”

ಕೊಕ್ಕೆಯ ಬಳಿ ನಿಂತಿದ್ದ ಗಂಡ ಹೆಂಡತಿಯ ಮುಖವನ್ನು ಹೊಸಬಳನ್ನು ನೋಡುವಂತೆ ನೋಡಿದ. ಅವನ ಕೈಯಲ್ಲಿದ್ದ ಪಾಕ ಕಲ್ಲಾಯಿತು.

ನಾದಿನಿಗೆ ಹೇಳುವುದು ಮಾತ್ರ ಸುಲಭವಾಗಿರಲಿಲ್ಲ. ಸೊಸೆ ಮಧ್ಯಾಹ್ನ ಬಟ್ಟೆ ಒಣಹಾಕುವ ಕಡೆ ಅವಳೊಬ್ಬಳನ್ನೇ ಕರೆದು, ಮೆಲ್ಲಗೆ ಹೇಳಿದಳು. ನಾದಿನಿ ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಹಿಂಡುತ್ತಲೇ ಇದ್ದಳು, ನೀರೆಲ್ಲ ಸೋರಿ ಮುಗಿದ ಮೇಲೂ. “ನಾನು ನಗ್ತಿದ್ದೆ ಅತ್ತಿಗೆ,” ಎಂದಳು ಕೊನೆಗೆ. ಆಮೇಲೆ ಒಳಗೆ ಹೋಗಿ ಆರು ವರ್ಷದ ಕಿರಿಮಗಳನ್ನು ಎತ್ತಿಕೊಂಡು ಬಂದಳು. “ಇವಳದು ನೋಡಿ. ಬೇಗ.” ಇಬ್ಬರೂ ಆ ಪುಟ್ಟ ಬಾಯಿಯನ್ನು ಬಿಸಿಲಿಗೆ ತಿರುಗಿಸಿ ಇಣುಕಿದರು. ಸಾಲಿನ ತುದಿಯಲ್ಲಿ, ಇನ್ನೂ ಅರ್ಧ ವಸಡಿನೊಳಗೇ ಇದ್ದುಕೊಂಡು, ಅಕ್ಕಿಯಷ್ಟು ಬೆಳ್ಳಗೆ ಒಂದು ಹೊಸ ಹಲ್ಲು ತಲೆಯೆತ್ತುತ್ತಿತ್ತು. “ಬಂದಿದೆ,” ಎಂದಳು ಸೊಸೆ. ನಾದಿನಿ ಮಗುವಿನ ಹಣೆಗೆ ಮುತ್ತಿಟ್ಟು ಅತ್ತಳು, ನಕ್ಕಳು. ದೊಡ್ಡವನನ್ನೂ ರಜೆ ಮುಗಿದ ಕೂಡಲೇ ತೋರಿಸುವುದೆಂದು ಅಲ್ಲೇ ತೀರ್ಮಾನವಾಯಿತು.

ಪಟ್ಟ ಕಳೆದುಕೊಂಡ ಇನ್‌ಸ್ಪೆಕ್ಟರಮ್ಮ ಒಂದು ದಿನ ಮುಖ ಊದಿಸಿಕೊಂಡಿದ್ದಳು. ಪರೀಕ್ಷೆ ಸೊಸೆಯ ಪಾಲಿಗೆ ಬಂತು. “ನಿನಗೆ ಉಪ್ಪು ಸಕ್ಕರೆ ವ್ಯತ್ಯಾಸ ತಿಳಿದ್ರೆ ಸಾಕು,” ಎಂದು ಅತ್ತೆ ಗೊಣಗಿದರು. ಆದರೆ ಸೊಸೆ ಯಾವ ತುಂಡನ್ನೂ ಕೆನ್ನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಕಲ್ಲಿನ ಮೇಲೆ ಒಡೆದಳು. ಒಡೆದ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು, ಪುಡಿಯನ್ನು ನಾಲಿಗೆಗೆ ಮುಟ್ಟಿಸಿ ಬಾಯಿ ಮುಕ್ಕಳಿಸಿದಳು. ಮೊದಲ ಹಂಡೆಯಲ್ಲಿ ಅವಳಿಗೆ ಏನೂ ತಿಳಿಯಲಿಲ್ಲ, ಎರಡನೆಯದರಲ್ಲಿ ತಪ್ಪಿದಳು. ಮೂರನೆಯದನ್ನು “ಫೇಲು” ಎಂದಾಗ ಅತ್ತೆ ನಂಬದೆ, ತುಂಡೊಂದನ್ನು ಜಜ್ಜಿ ಬೆರಳಲ್ಲಿ ತಿಕ್ಕಿ ನೋಡಿದರು. ಮರಳು. ಅವರು ಹಂಡೆಯನ್ನು ಮತ್ತೆ ಒಲೆಗೆ ಏರಿಸಿದರು.

ಅತ್ತೆಗೆ ಮಾತ್ರ ಹೊಸ ಹುಚ್ಚು ಹಿಡಿದಿತ್ತು. ರಜೆಗೆ ಯಾರ ಮಕ್ಕಳು ಬರಲಿ, ಹೊಸಿಲು ದಾಟುವ ಮೊದಲೇ ಟಾರ್ಚು ಹಿಡಿದು ಅಡ್ಡ ನಿಲ್ಲುತ್ತಿದ್ದರು. “ಬಾಯಿ ತೆಗೀರೋ! ಹಿಂದಿನ ಸಾಲು ತೋರಿಸ್ರೋ!” ಅಳಿಯನೂ ಆಕಳಿಸುತ್ತ ಬಂದು ಸಿಕ್ಕಿಬಿದ್ದ, ಅವನ ಬಾಯನ್ನೂ ಬಿಡಲಿಲ್ಲ. “ಇಷ್ಟು ಹುಳುಕು ಹಲ್ಲು ಇಟ್ಕೊಂಡು ನನ್ನ ಮಗಳನ್ನ ಮದುವೆ ಆದ್ಯಾ?” ಎಂದರು.

ರಜೆ ಮುಗಿದ ಮೇಲೆ ಕ್ಲಿನಿಕ್ಕು ತೆರೆಯಿತು. ಈ ಸಲ ಹುಡುಗಿ ಕುರ್ಚಿಯನ್ನು ತಾನೇ ಹತ್ತಿ ಕೂತಳು. ಟೋಪಿ ಕೂತಿತು. ಮಾರನೆಯ ದಿನದಿಂದ ಎಡಪಕ್ಕದಲ್ಲಿ ಏನು ಬೇಕಾದರೂ ಅಗಿಯಬಹುದು ಎಂದರು ಡಾಕ್ಟರಮ್ಮ.

ಮಾರನೆಯ ದಿನ ಬೆಳಿಗ್ಗೆ ಸೊಸೆ ಅಡುಗೆಮನೆಯ ಹೊಸಿಲಲ್ಲಿ ಸೀಬೆಕಾಯಿ ಹೆಚ್ಚುತ್ತ ಕೂತಿದ್ದಳು. ಮಾಗದ, ಗಟ್ಟಿ ಕಾಯಿ. ತುದಿಯ, ಅಷ್ಟು ಗಟ್ಟಿಯಲ್ಲದ ಭಾಗವನ್ನು ಕತ್ತರಿಸಿ ಮಗಳಿಗೆ ಕೊಟ್ಟಳು. ಅತ್ತೆ ಸೌಟು ತಿರುಗಿಸುವುದನ್ನು ನಿಲ್ಲಿಸಿದರು. ಗಂಡ ಕೊಕ್ಕೆಯ ಬಳಿ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ. ಹುಡುಗಿ ಹೋಳನ್ನು ತಿರುಗಿಸಿ ನೋಡಿ, ಎಡಗೆನ್ನೆಯ ಒಳಕ್ಕೆ ತಳ್ಳಿ, ಒಂದು ಕ್ಷಣ ತಡೆದು, ಕಡಿದಳು.

ಕಟಕ್.

ಮತ್ತೆ, ಇನ್ನೂ ಜೋರಾಗಿ, ಕಟಕ್. ರಸ ಗಲ್ಲದ ಮೇಲೆ ಇಳಿಯಿತು. ಬಾಯಿ ತುಂಬಿಕೊಂಡೇ ಅವಳು ಕೈ ಚಾಚಿದಳು. ಸೊಸೆ ಕಾಯನ್ನು ತಿರುಗಿಸಿ ಹಿಡಿದು, ಈ ಸಲ ಗಟ್ಟಿಯ ಕಡೆಯಿಂದ ಒಂದು ದೊಡ್ಡ ಹೋಳು ಕತ್ತರಿಸಿದಳು.